ಬಲಗಡೆಯ ಹೆಚ್ಚಿನ ಪಟ್ಟಿ

ಮಾನೆಭಂಜ್ಯಾಂಗ್ ಪೇಟೆ ಮುಗಿದು ಸಂದಕ್‌ಫೂ ಶಿಖರದ ಕಡೆಗೆ ಏರು ಶುರುವಾಗುವ ಜಾಗದಲ್ಲಿ ಒಂದು ತಗಡಿನ ಶೆಡ್ಡು ಇತ್ತು. ಅದು ಹರ್ಕಬೀರ್ ಬಿಶ್ವಕರ್ಮನದು. ಅವನನ್ನು ಹೆಸರು ಹಿಡಿದು ಕರೆಯುವವರು ಊರಲ್ಲಿ ಯಾರೂ ಉಳಿದಿರಲಿಲ್ಲ. ಎಲ್ಲರಿಗೂ ಅವನು ಕಮಾನಿ ಬಾಜೆ, ಅಂದರೆ ಕಮಾನಿನ ಅಜ್ಜ. ಹಳೆಯ ಲ್ಯಾಂಡ್‌ರೋವರ್ ಗಾಡಿಗಳ ಅಡಿಯಲ್ಲಿ ಬಿಲ್ಲಿನಂತೆ ಬಾಗಿ ಭಾರ ಹೊರುವ ಉಕ್ಕಿನ ಪಟ್ಟಿಗಳ ಕಂತೆ ಇರುತ್ತದಲ್ಲ, ಅದನ್ನು ಬಿಚ್ಚಿ, ಕಾಯಿಸಿ, ಬಾಗಿಸಿ, ಮತ್ತೆ ಕಟ್ಟುವುದೇ ಅವನ ಜನ್ಮದ ಕೆಲಸವಾಗಿತ್ತು.

ಆ ದಾರಿಯಲ್ಲಿ ಅವನು ಮೇಲಿನ ಮೊದಲ ಹಳ್ಳಿಯಾದ ಚಿತ್ರೆಯ ಆಚೆಗೆ ಹೋದವನಲ್ಲ. ಹೋಗಬಾರದೆಂದೇನೂ ಇರಲಿಲ್ಲ. ಮೇಲೆ ಹೋದ ಗಾಡಿಗಳು ಮುರಿದುಕೊಂಡು ಕೆಳಗೆ ಬರುತ್ತಿದ್ದವು, ಬಂದಾಗ ಶೆಡ್ಡಿನಲ್ಲಿ ಯಾರಾದರೂ ಇರಬೇಕಿತ್ತು, ಅಷ್ಟೆ. ಆದರೂ ದಾರಿ ಅವನಿಗೆ ಬಾಯಿಪಾಠವಾಗಿತ್ತು. ತುಂಡಾದ ಪಟ್ಟಿಯನ್ನು ಬೆಳಕಿಗೆ ಹಿಡಿದು, ಮುರಿದ ಅಂಚಿನ ಮೇಲೆ ಹೆಬ್ಬೆರಳು ಸವರಿ, "ಗೈರಿಬಾಸ್ ಇಳಿಜಾರಲ್ಲಿ ಮುರಿದಿದ್ದು. ಎಡಗಡೆ ಚಕ್ರ ಚರಂಡಿಗೆ ಬಿಟ್ಟಿದ್ದೀಯ" ಎನ್ನುತ್ತಿದ್ದ.

"ಬಾಜೆ ನಮ್ಮ ಹಿಂದಿನ ಸೀಟಲ್ಲಿ ಕದ್ದು ಕೂತಿರ್ತಾರೆ ಕಣ್ರೋ, ದುಡ್ಡು ಕೊಡ್ದೆ ಸವಾರಿ ಮಾಡ್ತಾರೆ!" ಎಂದು ಬುದ್ಧಿಹಾಂಗ್ ರಾಯ್ ಎನ್ನುವ ಡ್ರೈವರ್ ಪ್ರತಿ ಸಲವೂ ಹೇಳುತ್ತಿದ್ದ. ಉಳಿದವರು ಪ್ರತಿ ಸಲವೂ ನಗುತ್ತಿದ್ದರು. ಹರ್ಕಬೀರ್ ಮಾತ್ರ ಮುರಿದ ಪಟ್ಟಿಯನ್ನು ಗೋಡೆಗೆ ಒರಗಿಸಿ ಬೆಂಕಿಯ ಕಡೆ ತಿರುಗುತ್ತಿದ್ದ.

ಅಲ್ಲಿಯ ಡ್ರೈವರುಗಳು ಅವನಲ್ಲಿ ಬೇಡುತ್ತಿದ್ದದ್ದು ಒಂದೇ. "ಬಾಜೆ, ಇನ್ನೊಂದು ಪಟ್ಟಿ ಹಾಕ್ಬಿಡಿ." ಅಕ್ಕಿ ಮೂಟೆ, ಗ್ಯಾಸ್ ಸಿಲಿಂಡರು, ಅದರ ಮೇಲೆ ಪ್ರವಾಸಿಗರು, ಅವರ ಚೀಲಗಳು. ಇಷ್ಟನ್ನು ಹೊತ್ತರೂ ಗಾಡಿಯ ಹಿಂಭಾಗ ಎದ್ದು ನಿಂತಿರಬೇಕು. ಕುಸಿದರೆ ಚಹಾದಂಗಡಿಯ ಮುಂದೆ ಮಾನ ಹೋಗುತ್ತಿತ್ತು. "ಏನಪ್ಪಾ, ನಿನ್ನ ಗಾಡಿ ಕುಕ್ಕರುಗಾಲಲ್ಲಿ ಕೂತಿದೆ, ಹೊಟ್ಟೆ ಸರಿ ಇಲ್ವಾ?" ಎಂದು ಕೇಳುವವರು ಇದ್ದೇ ಇರುತ್ತಿದ್ದರು. ಹಾಗಾಗಿ ಕಾರ್ಖಾನೆಯಿಂದ ಬಂದ ಕಂತೆಯ ಮೇಲೆ ಒಂದು, ಆಮೇಲೆ ಇನ್ನೊಂದು, ಲಾರಿಯ ದಪ್ಪ ಪಟ್ಟಿಗಳು ಸೇರುತ್ತಾ ಹೋದವು. ಬಲಗಡೆಯ ಹಿಂದಿನ ಕಮಾನಿಗಂತೂ ಯಾವಾಗಲೂ ಒಂದು ಹೆಚ್ಚು. ಡ್ರೈವರೂ ಎಣ್ಣೆಯ ಟ್ಯಾಂಕೂ ಎರಡೂ ಆ ಕಡೆಗೇ ಇರುತ್ತಿದ್ದವು. ಅದನ್ನು ಯಾರೂ ಕೇಳಬೇಕಾಗಿರಲಿಲ್ಲ, ಹರ್ಕಬೀರನ ಕೈ ತಾನೇ ಹಾಕುತ್ತಿತ್ತು.

ಅವನ ಅಪ್ಪ ಖುಕುರಿ ಕಾಯಿಸುವ ಕಮ್ಮಾರ. ಒಳ್ಳೆಯ ಖುಕುರಿಗೆ ಬೇಕಾದ ಉಕ್ಕು ಗಾಡಿಗಳ ಮುರಿದ ಕಮಾನಿನಲ್ಲೇ ಸಿಗುತ್ತದೆ. ಅಪ್ಪ ಕಮಾನು ಮುರಿದು ಕತ್ತಿ ಮಾಡಿದ, ಮಗ ಕಮಾನನ್ನೇ ಮತ್ತೆ ಕಮಾನು ಮಾಡಿದ. ಆ ಕಾಲದಲ್ಲಿ ಕಮ್ಮಾರರ ಮನೆಯ ನೀರನ್ನು ಎಲ್ಲರೂ ಕುಡಿಯುತ್ತಿರಲಿಲ್ಲ. ಕತ್ತಿ ಬೇಕಾದವರು ಅಂಗಳದಲ್ಲಿ ನಿಂತು ಮಾತಾಡಿ, ಅಂಗಳದಿಂದಲೇ ಹೋಗುತ್ತಿದ್ದರು. ಹಾಗಿರುವಾಗ ಕಾಲಿಪೋಖರಿಯಿಂದ ಹೊಸದಾಗಿ ಗಾಡಿ ಓಡಿಸಲು ಬಂದಿದ್ದ ತೆಂಡುಕ್ ಶೆರ್ಪಾ ಎನ್ನುವ ಹುಡುಗ, ಮೊದಲ ಸಲ ಮುರಿದ ತನ್ನ ಪಟ್ಟಿಯನ್ನು ಹೆಗಲ ಮೇಲೆ ಹೊತ್ತು ಒಳಗೇ ಬಂದುಬಿಟ್ಟ. ಕುಲುಮೆಯ ಪಕ್ಕದಲ್ಲಿದ್ದ ತಂಬಿಗೆ ಎತ್ತಿ ಗಟಗಟ ನೀರು ಕುಡಿದು, "ಇದ್ರಲ್ಲಿ ನಂಗೊಂದು ಖುಕುರಿ ಮಾಡ್ಕೊಡು" ಎಂದ. ಹರ್ಕಬೀರ್ ಒಂದೇ ಪಟ್ಟಿಯಲ್ಲಿ ಎರಡು ಮಾಡಿ ಒಂದನ್ನು ತಾನು ಇಟ್ಟುಕೊಂಡ. ಮುಂದಿನ ಮಾಘದಲ್ಲಿ ಇಬ್ಬರೂ ಹಿರಿಯರ ಮುಂದೆ ಕೂತು, ಹಣೆಗೆ ಅಕ್ಷತೆ ಹಚ್ಚಿಕೊಂಡು, ಮಿತ್ ಕಟ್ಟಿಕೊಂಡರು.

ಮಿತ್ ಎಂದರೆ ಒಡಹುಟ್ಟಿದವರಿಗಿಂತ ಒಂದು ಹೆಜ್ಜೆ ಹತ್ತಿರ. ಆದರೆ ಅದಕ್ಕೆ ಕಟ್ಟುಪಾಡೂ ಉಂಟು. ಆ ದಿನದಿಂದ ಒಬ್ಬರನ್ನೊಬ್ಬರು ಮಿತ್‌ಜ್ಯೂ ಎಂದೇ ಕರೆಯಬೇಕು, ಮಕ್ಕಳು ಅಪ್ಪನ ಮಿತ್‌ನನ್ನು ಮಿತ್ ಬಾ, ಅಂದರೆ ಮಿತ್ ಅಪ್ಪ, ಎನ್ನಬೇಕು, ಸಾಯುವವರೆಗೆ ಬಹುವಚನದಲ್ಲೇ ಮಾತಾಡಬೇಕು, ಒಬ್ಬರು ಇನ್ನೊಬ್ಬರ ಮಾತನ್ನಾಗಲಿ ಕೆಲಸವನ್ನಾಗಲಿ ಹಳಿಯಬಾರದು. ಇಬ್ಬರೂ ಅದನ್ನು ಒಂದು ಕೂದಲಿನಷ್ಟೂ ತಪ್ಪದೆ ಪಾಲಿಸಿದರು. ತೆಂಡುಕ್ ಗಾಡಿ ತಂದು ನಿಲ್ಲಿಸಿದಾಗಲೆಲ್ಲ ಹರ್ಕಬೀರ್ ಕೇಳುತ್ತಿದ್ದ: "ಹೇಗಿದೆ ಮಿತ್‌ಜ್ಯೂ, ಕಮಾನು?" ತೆಂಡುಕ್ ಸೊಂಟಕ್ಕೆ ಬಿಗಿದು ಸುತ್ತಿದ್ದ ಉದ್ದನೆಯ ಬಟ್ಟೆಯ ಪಟುಕಾದ ಮೇಲೆ ಕೈಯಿಟ್ಟು ಮೆಲ್ಲಗೆ ಇಳಿಯುತ್ತಾ ಹೇಳುತ್ತಿದ್ದ: "ಬಂಡೆ ಇದ್ದ ಹಾಗಿದೆ ಮಿತ್‌ಜ್ಯೂ. ಚೆನ್ನಾಗಿದೆ."

ಅವನ ಗಾಡಿಯ ಹೆಸರು ಕಾಂಛಿ, ಮನೆಯ ಕಿರಿಮಗಳು. ಬಣ್ಣ ಹೋಗಿ, ಬಾಗಿಲು ಬೇರೆ ಗಾಡಿಯದಾಗಿ, ಎಂಜಿನ್ನು ಎರಡು ಸಲ ಬದಲಾದರೂ ಅದು ಕಾಂಛಿಯೇ.

ಆ ವರ್ಷ ತಿಹಾರ್ ಹಬ್ಬದ ದೀಪ ಆರಿದ ಮೇಲೆ, ಪೇಟೆಯಲ್ಲಿ ಸಿಲಿಂಡರು ಎತ್ತಲು ಬಗ್ಗಿದ ತೆಂಡುಕ್ ಮೇಲೆ ಏಳಲಿಲ್ಲ. ಒಣ ಕಟ್ಟಿಗೆ ಮುರಿದ ಹಾಗೆ ಸದ್ದು ಕೇಳಿಸಿತು ಎಂದು ಅಂಗಡಿಯವನು ಹೇಳಿದ. ಸಿಲಿಗುರಿಯ ಆಸ್ಪತ್ರೆಯಲ್ಲಿ ಕೆಲವು ವಾರ ಮಲಗಿಸಿ, ಇನ್ನು ಇಲ್ಲಿ ಮಾಡುವಂಥದ್ದು ಏನೂ ಇಲ್ಲ ಎಂದು ಕಳಿಸಿದರು. ಮಗಳು ಯಾಂಗ್‌ಜಿ ಮಾನೆಭಂಜ್ಯಾಂಗ್ ಪೇಟೆಯಲ್ಲಿ ಬಾಡಿಗೆ ಕೋಣೆ ಮಾಡಿಕೊಂಡು ಅಪ್ಪನ ಗಾಡಿಯನ್ನು ತಾನೂ ಓಡಿಸುತ್ತಿದ್ದಳು. ಅಪ್ಪನನ್ನು ಆ ಕೋಣೆಗೇ ತಂದಳು. ತಾಯಿ ಫುಟಿ ಮೇಲೆ ಕಾಲಿಪೋಖರಿಯ ಮನೆಯಲ್ಲೇ ಇದ್ದಳು.

ಹರ್ಕಬೀರ್ ನೋಡಲು ಹೋದಾಗ ತೆಂಡುಕ್ ಹಲಗೆಯ ಮೇಲೆ ನೆಟ್ಟಗೆ ಮಲಗಿದ್ದ. ಸೊಂಟದಲ್ಲಿ ಪಟುಕಾ ಇರಲಿಲ್ಲ. ಅದಿಲ್ಲದೆ ಅವನು ಬೇರೆ ಯಾರೋ ಎನ್ನುವಷ್ಟು ಸಣ್ಣಗೆ ಕಾಣುತ್ತಿದ್ದ.

"ಮಿತ್‌ಜ್ಯೂ, ಹಿಮ ಬೀಳೋಕೆ ಮುಂಚೆ ನನ್ನ ಮನೆಗೆ ಹೋಗ್ಬೇಕು," ಎಂದ.

"ಇಲ್ಲೇ ಇರಿ. ಬೇಸಿಗೇಲಿ ಹೋದ್ರಾಯ್ತು."

"ಬೇಸಿಗೆ ತನಕ ಈ ತಗಡು ನೋಡ್ಕೊಂಡು ಇರ್ಲಾ? ಫುಟಿ ಅಲ್ಲಿ ಒಬ್ಬಳೇ. ಚೌರಿ ದನಗಳನ್ನ ಬಿಟ್ಟು ಅವಳು ಬರೋ ಹಾಗಿಲ್ಲ. ಮಲಗಿರೋದೇ ಆದ್ರೆ ನನ್ನ ಒಲೆ ಪಕ್ಕ ಮಲಗಿರ್ತೀನಿ."

ಹೊರಗೆ ಬಂದ ಮೇಲೆ ಯಾಂಗ್‌ಜಿ ಬಾಗಿಲು ಎಳೆದುಕೊಂಡಳು. "ಬೆನ್ನಿನ ಮೂಳೆ ಬಿರುಕು ಬಿಟ್ಟಿದೆ ಮಿತ್ ಬಾ. ಕಾಲಿನ ನರ ಅದರ ಅಂಚಲ್ಲೇ ಇದೆಯಂತೆ. ಇನ್ನೊಂದು ಗಟ್ಟಿ ಏಟು ಬಿದ್ರೆ ಎರಡೂ ಕಾಲು ಹೋಗುತ್ತೆ. ಈಗ ಬೆರಳು ಅಲ್ಲಾಡಿಸ್ತಾರೆ. ಅಲ್ಲಾಡಿಸೋ ತನಕ ಆಸೆ ಇದೆ, ನಿಧಾನಕ್ಕೆ ಕೋಲು ಹಿಡ್ಕೊಂಡಾದ್ರೂ ಓಡಾಡ್ತಾರೆ ಅಂದ್ರು."

"ಸಿಲಿಂಡರ್ ಎತ್ತಿದ್ದಕ್ಕೆ ಇಷ್ಟೊಂದಾ?"

"ಡಾಕ್ಟರು ಏನು ಕೆಲಸ ಅಂತ ಕೇಳಿದ್ರು. ಡ್ರೈವರ್ ಅಂದೆ. ಯಾವ ರಸ್ತೆ ಅಂದ್ರು, ಹೇಳಿದೆ. ಇದು ಒಂದು ದಿನದ್ದಲ್ಲಮ್ಮ, ವರ್ಷಗಟ್ಟಲೆ ಕುಟ್ಟಿಸ್ಕೊಂಡ ಬೆನ್ನು ಅಂದ್ರು."

"ನಂಗೆ ಒಂದು ಸಲಾನೂ ಹೇಳ್ಲಿಲ್ವಲ್ಲ."

"ಹೇಗೆ ಹೇಳ್ತಾರೆ? ಮನೇಲಿ ರಾತ್ರಿ ಆಯಿ ಬಿಸಿ ಕಲ್ಲು ಇಡ್ತಿದ್ಲು. ಗಾಡಿ ತುಂಬಾ ಗಟ್ಟಿ ಆಗಿದೆ, ಮಿತ್ ಬಾಗೆ ಹೇಳಿ ಅಂತ ನಾನೇ ಅಂದಿದ್ದೆ. 'ಮಿತ್ ಮಾಡಿದ ಕೆಲಸಕ್ಕೆ ಹೆಸರಿಡ್ತಾರೇನೇ?' ಅಂತ ಬೈದ್ರು."

ಹರ್ಕಬೀರ್ ಶೆಡ್ಡಿಗೆ ಬಂದು ಕಾಂಛಿಯ ಕೆಳಗೆ ಮಲಗಿದ. ತನ್ನ ಕೈಯಲ್ಲೇ ಕಟ್ಟಿದ ಕಮಾನುಗಳು. ಒಂದರ ಮೇಲೊಂದು ಗೋಡೆ ಕಟ್ಟಿದ ಹಾಗೆ ದಪ್ಪ ಪಟ್ಟಿಗಳು, ವಿಶ್ವಕರ್ಮ ಪೂಜೆಗೊಮ್ಮೆ ಭಕ್ತಿಯಿಂದ ಬಳಿದ ಕೆಂಪು ಬಣ್ಣ, ಅದರ ಮೇಲೆ ಹಸಿರು, ಮತ್ತೆ ಕೆಂಪು. ಯಾವುದೂ ಕುಸಿದಿರಲಿಲ್ಲ. ಇಷ್ಟು ದಿನ ಅದನ್ನು ನೋಡಿದಾಗಲೆಲ್ಲ ಅವನಿಗೆ ಒಳಗೊಳಗೇ ಹೆಮ್ಮೆಯಾಗುತ್ತಿತ್ತು. ಕಲ್ಲಿನ ಏಟು ಎಲ್ಲಾದರೂ ಒಂದು ಕಡೆ ಹೋಗಿ ಸೇರಲೇಬೇಕು. ಕಮಾನು ಬಾಗಿದರೆ ಕಮಾನಿಗೆ ಸೇರುತ್ತದೆ. ಬಾಗದಿದ್ದರೆ ಎಲ್ಲಿಗೆ ಹೋಗುತ್ತದೆ ಎನ್ನುವುದನ್ನು ಅವನು ಒಮ್ಮೆಯೂ ಯೋಚಿಸಿರಲಿಲ್ಲ. ಪೇಟೆಯ ಡ್ರೈವರುಗಳೆಲ್ಲ ಯಾಕೆ ಅಷ್ಟು ಬಿಗಿಯಾಗಿ ಪಟುಕಾ ಸುತ್ತಿಕೊಳ್ಳುತ್ತಾರೆ ಎನ್ನುವುದನ್ನೂ ಯೋಚಿಸಿರಲಿಲ್ಲ. ಅದು ಡ್ರೈವರುಗಳ ಉಡುಪು ಎಂದುಕೊಂಡಿದ್ದ.

ಅವನು ಬಹಳ ಹೊತ್ತು ಗಾಡಿಯ ಕೆಳಗಿನಿಂದ ಹೊರಗೆ ಬರಲಿಲ್ಲ.

ಡ್ರೈವರುಗಳು ತಾವೇ ಒಂದು ದಾರಿ ಹುಡುಕಿಕೊಂಡು ಬಂದರು. "ನಾವು ಹೊತ್ಕೊಂಡು ಹೋಗ್ತೀವಿ ಬಾಜೆ," ಎಂದ ಬುದ್ಧಿಹಾಂಗ್. "ಏಣಿಗೆ ಕಟ್ಟಿ ಹೆಗಲು ಕೊಟ್ರೆ ಎರಡು ದಿನದ ದಾರಿ."

ತೆಂಡುಕ್ ಒಪ್ಪಲಿಲ್ಲ. "ಈ ದಾರೀಲಿ ನಾಲ್ಕು ಜನರ ಹೆಗಲ ಮೇಲೆ ಹೋಗೋದು ಒಂದೇ ಸಲ. ಅದಕ್ಕಿನ್ನೂ ಸಮಯ ಇದೆ. ಹೋದ್ರೆ ಕಾಂಛಿ ಮೇಲೆ ಹೋಗ್ತೀನಿ." ಆಮೇಲೆ ಮಿತ್‌ನ ಕಡೆ ಕಣ್ಣು ಹೊರಳಿಸಿ, "ಅದು ಚೆನ್ನಾಗಿದೆಯಲ್ಲ ಮಿತ್‌ಜ್ಯೂ," ಎಂದ.

ಹರ್ಕಬೀರನಿಗೆ ಆ ಮಾತು ಎದೆಗೆ ತಗುಲಿತು. "ನಾಕು ದಿನ ಕೊಡಿ," ಎಂದಷ್ಟೇ ಹೇಳಿದ.

ಆಮೇಲೆ ಅವನಿಗೆ ತಿಳಿದದ್ದು, ತನಗೆ ಮೆತ್ತಗೆ ಮಾಡಲು ಬರುವುದೇ ಇಲ್ಲ ಎಂದು. ಮೊದಲು ದಪ್ಪ ಪಟ್ಟಿಗಳನ್ನು ಒಂದೊಂದಾಗಿ ತೆಗೆದ. ಗಾಡಿಯ ಹಿಂಭಾಗ ಕೆಳಗಿಳಿಯಿತು. ಯಾಂಗ್‌ಜಿ ಮೊದಲ ತಿರುವಿನವರೆಗೆ ಓಡಿಸಿದಳು. ಸಣ್ಣ ಕಲ್ಲುಗಳ ಮೇಲೆ ದೋಣಿಯಂತೆ ಹೋದ ಕಾಂಛಿ, ದೊಡ್ಡ ಕಲ್ಲು ಬಂದ ಕೂಡಲೇ ಧಡ್ ಎಂದು ಕೂತಿತು. ಬಾಗಲು ಜಾಗವಿಲ್ಲದೆ ಅಚ್ಚು ಮೇಲಿನ ಚೌಕಟ್ಟಿಗೇ ಬಡಿದಿತ್ತು. ಮೊದಲಿನದಕ್ಕಿಂತ ಇದು ಕೆಟ್ಟದ್ದು.

"ಮೆತ್ತಗಾಯ್ತೋ ಮುದಿಯಾಯ್ತೋ ಬಾಜೆ?" ಎಂದು ಚಹಾದಂಗಡಿಯಿಂದ ಯಾರೋ ಕೂಗಿದರು. ಹರ್ಕಬೀರ್ ತಿರುಗಿ ನೋಡಲಿಲ್ಲ. ಬುದ್ಧಿಹಾಂಗನೇ ಕೂಗಿದವನ ಬಾಯಿ ಮುಚ್ಚಿಸಿದ.

ಸುಖಿಯಾಪೋಖರಿಯ ಗುಜರಿಯಲ್ಲಿ ಒಂದು ಚಿಕ್ಕ ವ್ಯಾನಿನ ಕಮಾನು ಬಿದ್ದಿರುವುದು ಅವನಿಗೆ ನೆನಪಿತ್ತು. ಪಟ್ಟಿಗಳು ತೆಳು, ಆದರೆ ಉದ್ದ. ಅವನ್ನು ತಂದು ಕಾಯಿಸಿದ. ದಪ್ಪದ ನಾಲ್ಕು ಪಟ್ಟಿ ಹೊರುವ ಭಾರವನ್ನು ತೆಳುವಿನ ಏಳೆಂಟು ಪಟ್ಟಿ ಹಂಚಿಕೊಂಡು ಹೊರುತ್ತವೆ, ಆದರೆ ಬಗ್ಗಿಕೊಂಡು ಹೊರುತ್ತವೆ ಎನ್ನುವುದು ಅವನ ಕೈಗೆ ಗೊತ್ತಿತ್ತು. ಖುಕುರಿಯ ಬೆನ್ನು ದಪ್ಪ, ಬಾಯಿ ತೆಳು ಇರುವುದಕ್ಕೂ ಇದಕ್ಕೂ ಏನೋ ನಂಟಿದೆ ಎಂದು ಅಪ್ಪ ಹೇಳುತ್ತಿದ್ದ. ಬೆಂಕಿಯಲ್ಲಿ ಕೆಂಪಾದ ಪಟ್ಟಿಯನ್ನು ಮೊದಲಿಗಿಂತ ಹೆಚ್ಚು ಬಾಗಿಸಿದ, ಕೆಳಗೆ ಕುಸಿಯಲು ಜಾಗ ಬೇಕಲ್ಲ. ಎಣ್ಣೆಯಲ್ಲಿ ಅದ್ದಿ, ಮತ್ತೆ ಹದವಾಗಿ ಕಾಯಿಸಿ, ತಣಿಯಲು ಬಿಟ್ಟು, ಸುತ್ತಿಗೆಯ ತುದಿಯಿಂದ ತಟ್ಟಿ ಸದ್ದು ಕೇಳಿದ. ಪಟ್ಟಿಗಳ ನಡುವೆ ಗ್ರೀಸು ಸವರಿ, ಒಂದರ ಮೇಲೊಂದು ಜಾರುವ ಹಾಗೆ ಕಟ್ಟಿದ. ನಾಲ್ಕೂ ಚಕ್ರಕ್ಕೆ ನಾಲ್ಕು ಕಂತೆ.

ಈಗ ಗಾಡಿ ಬಡಿಯಲಿಲ್ಲ, ಕುಣಿಯಿತು. ಒಂದು ಕಲ್ಲು ಹತ್ತಿ ಇಳಿದರೆ ತೊಟ್ಟಿಲಿನಂತೆ ಮೇಲೆ ಕೆಳಗೆ ತೂಗುತ್ತಲೇ ಇತ್ತು.

"ವಾಂತಿ ಬರುತ್ತೆ ಮಿತ್ ಬಾ," ಎಂದಳು ಯಾಂಗ್‌ಜಿ.

ಕುಣಿತ ಹಿಡಿದು ನಿಲ್ಲಿಸುವುದು ಶಾಕ್ ಅಬ್ಸಾರ್ಬರಿನ ಕೆಲಸ. ಗಟ್ಟಿ ಕಮಾನು ಕುಣಿಯುವುದೇ ಇಲ್ಲವಾದ್ದರಿಂದ, ಎಣ್ಣೆ ಸೋರಿಹೋದ ಶಾಕ್‌ಗಳನ್ನು ಡ್ರೈವರುಗಳು ಎಂದೋ ಬಿಚ್ಚಿ ಎಸೆದಿದ್ದರು. ಎಸೆಯಿರಿ ಎಂದವನೂ ಅವನೇ. ಸಿಲಿಗುರಿಯಿಂದ ಬರುವ ಬಸ್ಸಿನಲ್ಲಿ ಹೊಸವನ್ನು ತರಿಸಿ, ಅವು ನಿಲ್ಲುವ ಕಬ್ಬಿಣದ ಕಿವಿಗಳನ್ನು ತಾನೇ ಕಾಯಿಸಿ ಚೌಕಟ್ಟಿಗೆ ಬೆಸೆದ. ಚಕ್ರಗಳ ಗಾಳಿಯನ್ನೂ ಸ್ವಲ್ಪ ಇಳಿಸಿದ. ಫುಟಿಯ ಚಳಿಗಾಲಕ್ಕೆ ಬೇಕಾದ ಅಕ್ಕಿ, ಹಿಟ್ಟು, ಉಪ್ಪಿನ ಮೂಟೆಗಳನ್ನು ಗಾಡಿಯ ತಳದಲ್ಲಿ ಹರಡಿಸಿದ. ಭಾರ ಬಿದ್ದರೆ ಗಾಡಿ ಹಗುರ ಹಾರಾಟ ಬಿಟ್ಟು ನೆಲಕ್ಕೆ ಒಗ್ಗಿಕೊಳ್ಳುತ್ತದೆ.

"ಸರಿಯಾಗಿದೆಯಾ ಅಂತ ಯಾರನ್ನ ಕೇಳ್ತೀರಾ?" ಎಂದ ಬುದ್ಧಿಹಾಂಗ್. "ತೆಂಡುಕ್ ದಾಜು ಅಂತೂ ಬೆಂಕಿ ಮೇಲೆ ಕೂರ್ಸಿದ್ರೂ ನಿಮಗೆ ಚೆನ್ನಾಗಿದೆ ಅಂತಾರೆ."

ಅದು ನಿಜವಾಗಿತ್ತು. ಆದ್ದರಿಂದ ಹರ್ಕಬೀರ್ ಚಪ್ಪಲಿ ಬಿಟ್ಟು, ಗಾಡಿಯ ಹಿಂಬಾಗಿಲಿನಿಂದ ಹತ್ತಿ, ಎಡಗಡೆಯ ಹಲಗೆಯ ಮೇಲೆ ಅಂಗಾತ ಮಲಗಿದ. "ನಡಿ," ಎಂದ ಯಾಂಗ್‌ಜಿಗೆ. ಚಿತ್ರೆ ದಾಟಿತು. ಮೇಘಮಾ ದಾಟಿತು. ಜನ್ಮದಲ್ಲಿ ಮೊದಲ ಸಲ ಅವನು ಆ ದಾರಿ ಹಿಡಿದು ಅಷ್ಟು ಮೇಲೆ ಹೋಗಿದ್ದ, ಆದರೆ ನೋಡಿದ್ದು ಗಾಡಿಯ ತೇಪೆ ಹಾಕಿದ ಟಾರ್ಪಾಲು ಒಂದನ್ನೇ. ಕಣ್ಣಿನ ಬದಲು ಬೆನ್ನು ನೋಡುತ್ತಿತ್ತು. ಎಲ್ಲಿ ಮೂಳೆಗೆ ಚುರುಕ್ ಎನ್ನಿಸಿತೋ ಅಲ್ಲಿ "ನಿಲ್ಸು" ಎನ್ನುತ್ತಿದ್ದ. ಇಳಿದು ಒಂದು ಬೋಲ್ಟು ಸಡಿಲಿಸುತ್ತಿದ್ದ ಇಲ್ಲವೇ ಬಿಗಿಸುತ್ತಿದ್ದ, ಮತ್ತೆ ಹತ್ತಿ ಮಲಗುತ್ತಿದ್ದ. ಟುಮ್ಲಿಂಗ್‌ನಿಂದ ಹಿಂದಿರುಗಿದಾಗ ಅವನಿಗೆ ನೆಟ್ಟಗೆ ನಿಲ್ಲಲು ಗೋಡೆ ಬೇಕಾಯಿತು. ತಾನು ಮೆತ್ತಗೆ ಮಾಡಿದ ಗಾಡಿಯಲ್ಲೇ ಹೀಗಾದರೆ, ಮಿತ್ ಅಷ್ಟೂ ವರ್ಷ ಏನು ಮಾಡಿದ ಎಂದುಕೊಂಡ. ಆದರೆ ಕಮಾನು ಸಾಕಷ್ಟು ಸರಿಯಾಗಿದೆ ಎನ್ನುವುದು ಅವನಿಗೆ ನಂಬಿಕೆಯಾಗಿತ್ತು.

ಹೊರಡುವ ಬೆಳಿಗ್ಗೆ ಆಕಾಶ ಬೂದಿ ಬಣ್ಣಕ್ಕೆ ತಿರುಗಿತ್ತು. ಹಿಮ ದೂರವಿಲ್ಲ ಎಂದು ಎಲ್ಲರಿಗೂ ಗೊತ್ತಾಯಿತು. ತೆಂಡುಕ್‌ನನ್ನು ಹಲಗೆಯ ಸಮೇತ ಎತ್ತಿ ತಂದರು. ಹಲಗೆಗೆ ಕಟ್ಟಲು ಯಾಂಗ್‌ಜಿ ಹಗ್ಗ ಬಿಚ್ಚುತ್ತಿದ್ದಾಗ ಬುದ್ಧಿಹಾಂಗ್, "ಹಗ್ಗ ಕೊಯ್ಯುತ್ತೆ ಬಹಿನಿ," ಎಂದು ತನ್ನ ಸೊಂಟದ ಪಟುಕಾ ಸುತ್ತು ಸುತ್ತಾಗಿ ಬಿಚ್ಚಿ ಕೊಟ್ಟ. ಅದನ್ನು ನೋಡಿ ಇನ್ನಿಬ್ಬರು ಕೊಟ್ಟರು. ಪಟುಕಾ ಇಲ್ಲದೆ ನಿಂತ ಆ ಗಂಡಸರು ಒಂದು ಕೈ ಸೊಂಟದ ಮೇಲೆ ಇಟ್ಟುಕೊಂಡಿದ್ದನ್ನು ಹರ್ಕಬೀರ್ ಗಮನಿಸಿದ.

ಎಡಗಡೆಗೆ ಮಲಗಿಸಲು ಹೋದರೆ ತೆಂಡುಕ್ ಬೇಡವೆಂದ. "ಬಲಗಡೆ ಹಾಕಿ, ಮಗಳ ಹಿಂದೆ. ದಾರಿ ಕಾಣಿಸ್ದೇ ಇದ್ರೂ ಅವಳ ಗೇರ್ ಸದ್ದು ಕೇಳಿಸ್ಲಿ. ಎಲ್ಲಿ ಬದಲಾಯಿಸ್ಬೇಕು ಅಂತ ಹೇಳ್ಬೇಕಲ್ಲ."

"ಹೇಳ್ಬೇಡಿ ಆಪಾ, ನಂಗೆ ಗೊತ್ತು."

"ಗೊತ್ತಿದ್ರೆ ಚಿತ್ರೆ ತಿರುವಲ್ಲಿ ಯಾಕೆ ಕ್ಲಚ್ ಸುಡ್ತೀಯ?"

ಎಲ್ಲರೂ ನಕ್ಕರು. ತೆಂಡುಕ್ ನಗಲು ಹೋಗಿ, ಅರ್ಧಕ್ಕೇ ನಿಲ್ಲಿಸಿದ.

ಹರ್ಕಬೀರ್ ಅವನ ಕಾಲ ಬುಡದಲ್ಲಿ ಅಕ್ಕಿ ಮೂಟೆಯ ಮೇಲೆ ಕೂತ. ಕಂಬಳಿಯ ಕೆಳಗೆ ಕೈ ಹಾಕಿ ಮಿತ್‌ನ ಎರಡು ಹೆಬ್ಬೆರಳುಗಳನ್ನು ಹಿಡಿದುಕೊಂಡ. ಪ್ರತಿ ದೊಡ್ಡ ಕಲ್ಲು ದಾಟಿದ ಮೇಲೂ ಹೇಳುತ್ತಿದ್ದ: "ಅಲ್ಲಾಡಿಸಿ ಮಿತ್‌ಜ್ಯೂ." ಬೆರಳು ಅವನ ಅಂಗೈಯಲ್ಲಿ ಮೀನಿನ ಮರಿಯಂತೆ ಮಿಸುಕುತ್ತಿತ್ತು. "ಹೇಗಿದೆ?" "ಚೆನ್ನಾಗಿದೆ."

ಚಿತ್ರೆಯ ಸುತ್ತು ತಿರುವುಗಳಲ್ಲಿ ಯಾಂಗ್‌ಜಿ ಕ್ಲಚ್ ಸುಡಲಿಲ್ಲ. ಒಂದೊಂದು ಕಲ್ಲಿನ ಮೇಲೂ ಚಕ್ರವನ್ನು ಕೈಯಿಂದ ಎತ್ತಿ ಇಟ್ಟ ಹಾಗೆ ಹತ್ತಿಸಿದಳು. ಮೇಘಮಾದಲ್ಲಿ ಮೋಡ ಗಾಡಿಯೊಳಗೇ ಬಂತು. ಟುಮ್ಲಿಂಗ್ ದಾಟಿ ಗೈರಿಬಾಸಿಗೆ ಇಳಿಯುವಾಗ, ಅಷ್ಟು ವರ್ಷ ಮುರಿದ ಉಕ್ಕಿನಲ್ಲಿ ಓದಿದ್ದ ಇಳಿಜಾರನ್ನು ಹರ್ಕಬೀರ್ ಮೊದಲ ಸಲ ಕಣ್ಣಿಂದ ನೋಡಿದ. ಅವನು ಅಂದುಕೊಂಡಿದ್ದಕ್ಕಿಂತ ಅದು ಕಡಿದಾಗಿತ್ತು. ಇಂಥ ಕಡೆ ಪಟ್ಟಿಗಳು ಇಷ್ಟೇ ಮುರಿದದ್ದು ಹೇಗೆ ಎಂದು ಅವನಿಗೆ ಅನ್ನಿಸಿತು.

"ಅಲ್ಲಾಡಿಸಿ ಮಿತ್‌ಜ್ಯೂ."

ಎಡಗಾಲಿನ ಬೆರಳು ಮಿಸುಕಿತು. ಬಲಗಾಲಿನದು ತಡೆದು, ಆಮೇಲೆ ಮಿಸುಕಿತು.

"ಹೇಗಿದೆ?"

"ಚೆನ್ನಾಗಿದೆ."

ಗೈರಿಬಾಸ್ ದಾಟಿ ಕಯ್ಯಾಕಟ್ಟಾದ ಏರು ಹಿಡಿದರು. ಅಲ್ಲಿ ದಾರಿಯೆಂದರೆ ಬಿಡಿ ಕಲ್ಲುಗಳ ಹೊಳೆ. ಮೂರನೆಯ ತಿರುವಿನಲ್ಲಿ ಹರ್ಕಬೀರ್ ಮತ್ತೆ ಕೇಳಿದಾಗ ಬಲ ಹೆಬ್ಬೆರಳು ಅಲ್ಲಾಡಲಿಲ್ಲ. ಅವನು ಕಾದ. ಬಹಳ ಹೊತ್ತಿನ ಮೇಲೆ, ಇದೆಯೋ ಇಲ್ಲವೋ ಎನ್ನುವಷ್ಟು, ಒಂದು ಮಿಸುಕು.

"ನಿಲ್ಸು ಮಗಾ!"

ಗಾಡಿ ನಿಂತಿತು. ಹರ್ಕಬೀರ್ ಮೂಟೆಗಳ ಮೇಲೆ ತೆವಳಿ ಮಿತ್‌ನ ಮುಖದ ಹತ್ತಿರ ಹೋದ. ತೆಂಡುಕ್‌ನ ಕೆಳತುಟಿಯಲ್ಲಿ ಹಲ್ಲಿನ ಗುರುತು ಮೂಡಿ ರಕ್ತ ಒಸರಿತ್ತು. ಆ ಚಳಿಯಲ್ಲೂ ಹಣೆ ಬೆವರಿತ್ತು.

"ಎಲ್ಲಿ ಹೊಡೀತಿದೆ ಹೇಳಿ."

"ಏನಿಲ್ಲ ಮಿತ್‌ಜ್ಯೂ. ಚೆನ್ನಾ..."

"ನಿಮ್ಮ ಕಾಲು ಹಿಡ್ಕೊಂಡು ಕೇಳ್ತಿದ್ದೀನಿ." ಹರ್ಕಬೀರನ ದನಿ ಒಡೆಯಿತು. "ಒಂದು ಜನ್ಮ ಪೂರ್ತಿ ನೀವು ಚೆನ್ನಾಗಿದೆ ಅಂದ್ರಿ, ನಾನು ನಂಬಿದೆ. ನಾನು ಕಿವಿಯಿಂದ ನಂಬೋದು ಬಿಟ್ಟು ಒಂದು ಸಲ ಗಾಡೀಲಿ ಕೂತು ನೋಡ್ಬೇಕಿತ್ತು, ನೋಡ್ಲಿಲ್ಲ. ಇವತ್ತು ನೀವು ಹೇಳ್ದೇ ಇದ್ರೆ ನನ್ನ ಕೈ ಕುರುಡು ಮಿತ್‌ಜ್ಯೂ. ಬೈಯಿರಿ ನನ್ನ. ನನ್ನ ಕೆಲಸಕ್ಕೆ ಹೆಸರಿಡಿ."

ಯಾಂಗ್‌ಜಿ ಸ್ಟೇರಿಂಗ್ ಹಿಡಿದು ಮುಂದೆಯೇ ನೋಡುತ್ತಿದ್ದಳು. ಗಾಜಿನ ಮೇಲೆ ಮೊದಲ ಹಿಮದ ಎಳೆಗಳು ಬಂದು ಕೂರುತ್ತಿದ್ದವು.

ತೆಂಡುಕ್ ಕಣ್ಣು ಮುಚ್ಚಿಕೊಂಡ. ಆ ಮಾತು ಅವನ ಬಾಯಿಂದ ಬರಲು, ಬೆನ್ನಿನ ನೋವಿಗಿಂತ ಹೆಚ್ಚು ಕಷ್ಟಪಟ್ಟ ಹಾಗೆ ಕಂಡಿತು.

"ಬಲಗಡೆ... ಹಿಂದಿನದು," ಎಂದ. "ಬೇರೆ ಮೂರೂ ಬಗ್ತಾವೆ. ಅದು ಬಗ್ತಿಲ್ಲ. ಗಟ್ಟಿ ಇದೆ ಮಿತ್‌ಜ್ಯೂ. ಸರಿ ಇಲ್ಲ."

ಹರ್ಕಬೀರ್ ಇಳಿದು ಗಾಡಿಯ ಕೆಳಗೆ ತೂರಿದ. ಬಲಗಡೆಯ ಹಿಂದಿನ ಕಂತೆಯ ಮೇಲೆ ಬೆರಳು ಆಡಿಸಿದ. ಬೆರಳು ಒಂದೊಂದೇ ಪಟ್ಟಿ ದಾಟುತ್ತಾ ಕೊನೆಗೆ ಬಂದು ನಿಂತಿತು. ಒಂದು ಪಟ್ಟಿ ಹೆಚ್ಚು ಇತ್ತು. ತೆಳುವಿನ ಸಾಲಿನ ಅಡಿಯಲ್ಲಿ, ಹಳೆಯ ಕಂತೆಯ ದಪ್ಪ ಪಟ್ಟಿಯೊಂದು. ಅದನ್ನು ಅಲ್ಲಿಟ್ಟದ್ದು ಅವನಿಗೆ ನೆನಪೇ ಇರಲಿಲ್ಲ. ಮೆತ್ತಗೆ ಮಾಡಬೇಕು ಎಂದು ತಲೆ ಹೇಳುತ್ತಿದ್ದಾಗಲೂ ಕೈ ತನ್ನ ಹಳೆಯ ಚಾಳಿ ಬಿಟ್ಟಿರಲಿಲ್ಲ. ಮಲಗಿ ಪರೀಕ್ಷೆ ಮಾಡಿದಾಗ ಅವನು ಎಡಗಡೆ ಮಲಗಿದ್ದ.

"ಜಾಕ್ ಕೊಡು," ಎಂದ ಯಾಂಗ್‌ಜಿಗೆ. "ಮೇಲಿರೋರಿಗೆ ಗೊತ್ತಾಗ್ಬಾರ್ದು, ಉಸಿರು ಎಳ್ಕೊಂಡ ಹಾಗೆ ಎತ್ಬೇಕು."

ಅವಳು ಚಕ್ರಗಳಿಗೆ ಕಲ್ಲು ಕೊಟ್ಟು, ಜಾಕಿನ ಹಿಡಿಯನ್ನು ಎಳ್ಳಷ್ಟು ಎಳ್ಳಷ್ಟಾಗಿ ತಿರುಗಿಸಿದಳು. ಹರ್ಕಬೀರ್ ಒದ್ದೆ ಕಲ್ಲಿನ ಮೇಲೆ ಬೆನ್ನು ಹಾಸಿ ಮಲಗಿ, ಅಚ್ಚಿಗೆ ಕಂತೆಯನ್ನು ಹಿಡಿದಿದ್ದ ಬೋಲ್ಟುಗಳನ್ನು ಬಿಚ್ಚಿದ. ಹಿಮ ಅವನ ತೋಳಿನ ಮೇಲೆ ಬಿದ್ದು ಕರಗುತ್ತಿತ್ತು. ಬೆರಳು ಮರಗಟ್ಟಿದಾಗ ಬಾಯಲ್ಲಿ ಇಟ್ಟುಕೊಂಡು ಬಿಸಿ ಮಾಡಿಕೊಂಡ. ಮೇಲಿನಿಂದ ತೆಂಡುಕ್‌ನ ಸಣ್ಣ ದನಿ ಕೇಳಿಸುತ್ತಿತ್ತು. ಒಮ್ಮೆ ಹೇಳಿದವನಿಗೆ ಈಗ ಕಟ್ಟೆ ಒಡೆದಂತಾಗಿತ್ತು.

"ಹತ್ತು ವರ್ಷದ ಹಿಂದೇನೇ ಗಟ್ಟಿ ಇತ್ತು ಮಿತ್‌ಜ್ಯೂ."

"ಹೂಂ. ಹೇಳಿ."

"ಫುಟಿ ರಾತ್ರಿ ಬೆನ್ನಿಗೆ ಬಿಸಿ ಕಲ್ಲು ಇಡೋಳು."

"ಹೇಳಿ ಮಿತ್‌ಜ್ಯೂ, ಕೇಳ್ತಿದ್ದೀನಿ."

"ನಿಮ್ಮ ಖುಕುರಿ ಮಾತ್ರ ಚೆನ್ನಾಗಿದೆ. ಅದು ಸುಳ್ಳಲ್ಲ."

ಗಾಡಿಯ ಕೆಳಗೆ ಹರ್ಕಬೀರ್ ಕಣ್ಣೊರೆಸಿಕೊಂಡ. ಮುಖಕ್ಕೆಲ್ಲ ಗ್ರೀಸು ಹತ್ತಿತು. ದಪ್ಪ ಪಟ್ಟಿ ಕೈಗೆ ಬಂದಾಗ ಅದನ್ನು ರಸ್ತೆಯ ಬದಿಗೆ ಇಟ್ಟ. ಉಳಿದವನ್ನು ಮತ್ತೆ ಬಿಗಿದು, ಜಾಕ್ ಇಳಿಸಿದಾಗ, ಕಾಂಛಿ ಬಲಗಡೆಗೆ ತುಸು ವಾಲಿ ನಿಂತಿತು. ಮಾನೆಭಂಜ್ಯಾಂಗ್ ಪೇಟೆಯಲ್ಲಾಗಿದ್ದರೆ ಆ ವಾಲಿಕೆಗೆ ಒಂದು ವಾರ ಗೇಲಿ ನಡೆಯುತ್ತಿತ್ತು.

"ನಡಿ," ಎಂದ. ಗಾಡಿ ಒಂದು ಕಲ್ಲು ಹತ್ತಿ ಇಳಿಯಿತು.

"ಹೇಗಿದೆ?"

ತೆಂಡುಕ್ ಬೆನ್ನಿನಿಂದ ಅಳೆದು ನೋಡಿದ. "ಇನ್ನೂ ಸ್ವಲ್ಪ ಇದೆ. ಆದ್ರೆ ತಡ್ಕೋಬಹುದು," ಎಂದ. ಹರ್ಕಬೀರ್ ಆ ಬಾಯಿಂದ ಕೇಳಿದ ಅಷ್ಟೂ ಹೊಗಳಿಕೆಗಿಂತ ಆ ಮಾತು ಅವನ ಮನಸ್ಸಿಗೆ ಹೆಚ್ಚು ಹಿಡಿಸಿತು.

ಕಾಲಿಪೋಖರಿ ತಲುಪಿದಾಗ ನೆಲವೆಲ್ಲ ಬಿಳಿಯಾಗಿ, ಕೊಳ ಒಂದೇ ಕರ್ರಗೆ ಉಳಿದಿತ್ತು. ಫುಟಿ ಅಂಗಳದಲ್ಲಿ ನಿಂತಿದ್ದಳು. ಅಳಲಿಲ್ಲ. ಅಕ್ಕಪಕ್ಕದವರ ಜೊತೆ ಹಲಗೆಗೆ ತಾನೂ ಕೈ ಕೊಟ್ಟು, ಗಂಡನನ್ನು ಒಲೆಯ ಪಕ್ಕಕ್ಕೆ ಒಯ್ದಳು. ಹರ್ಕಬೀರ್ ಬಾಗಿಲಲ್ಲೇ ನಿಂತ. ಬಟ್ಟೆಯೆಲ್ಲ ಕೆಸರು, ಗ್ರೀಸು.

"ಮಿತ್‌ಜ್ಯೂ ಯಾಕೆ ಹೊರಗೆ ನಿಂತಿದ್ದಾರೆ?" ಎಂದು ಒಳಗಿನಿಂದ ತೆಂಡುಕ್ ಕೇಳಿದ. "ನಾನು ಅವತ್ತು ನಿಂತಿದ್ನಾ?"

ಅವನು ಒಳಗೆ ಹೋಗಿ ಕಂಬಳಿಯ ಕೆಳಗೆ ಕೈ ಹಾಕಿದ. ಎಡ ಹೆಬ್ಬೆರಳು ಮಿಸುಕಿತು. ಬಲ ಹೆಬ್ಬೆರಳೂ ಮಿಸುಕಿತು. ಫುಟಿ ಬೆಣ್ಣೆ ಚಹಾದ ಬಟ್ಟಲನ್ನು ಅವನ ಕೈಗೇ ಕೊಟ್ಟಳು.

ಮರುದಿನ ಯಾಂಗ್‌ಜಿ ಅವನನ್ನು ಕೆಳಗೆ ಕರೆತಂದಳು. ಅವರ ಹಿಂದೆಯೇ ದಾರಿ ಮುಚ್ಚಿತು. ಕಯ್ಯಾಕಟ್ಟಾದ ತಿರುವಿನಲ್ಲಿ ಹಿಮದೊಳಗಿನಿಂದ ದಪ್ಪ ಪಟ್ಟಿಯ ತುದಿ ಕಾಣುತ್ತಿತ್ತು. ಹರ್ಕಬೀರ್ ಗಾಡಿ ನಿಲ್ಲಿಸಿ ಅದನ್ನು ಎತ್ತಿಕೊಳ್ಳಲಿಲ್ಲ.

ಹಿಮ ಕರಗಿ ದಾರಿ ತೆರೆದಾಗ, ತೆಂಡುಕ್ ಕೋಲು ಹಿಡಿದು ಕೊಳದವರೆಗೆ ಹೋಗಿ ಬರುತ್ತಾನೆ ಎನ್ನುವ ಸುದ್ದಿ ಕೆಳಗೆ ಬಂತು. ಅದರ ಹಿಂದೆಯೇ ಬುದ್ಧಿಹಾಂಗನ ಗಾಡಿ ಶೆಡ್ಡಿನ ಮುಂದೆ ಬಂದು ನಿಂತಿತು.

"ಬಾಜೆ, ಈ ಸಲ ಸೀಜನ್ ಜೋರಿದೆ. ಹಿಂದುಗಡೆ ಇನ್ನೊಂದು ಪಟ್ಟಿ ಹಾಕ್ಬಿಡಿ."

ಹರ್ಕಬೀರ್ ಸುತ್ತಿಗೆ ಕೆಳಗಿಟ್ಟ. ಗಾಡಿಯ ಕೆಳಗೆ ಬಗ್ಗಲಿಲ್ಲ.

"ಮೊದಲು ಪಟುಕಾ ಬಿಚ್ಚು," ಎಂದ. "ಎಲ್ಲಿ ನೋಯುತ್ತೆ ಅಂತ ತೋರ್ಸು."